ಇಪ್ಪತ್ತರ ಆಸುಪಾಸು

ಸೀರೆ ಅಂಗಡಿಗೆ ಹೋದರೆ ನಮ್ಮ ಮನೆಯವರಿಗೆ ಹತ್ತನೇ ನಿಮಿಷಕ್ಕೆ ಸೊಂಟ ಹಿಡಿಯುತ್ತದೆ. ಹದಿನೈದನೇ ನಿಮಿಷಕ್ಕೆ ಗಾಡಿ ನಿಲ್ಲಿಸಿದ ಜಾಗ ನೆನಪಾಗುತ್ತದೆ. ಟ್ರಾಫಿಕ್‌ನವರು ಎತ್ತಿಕೊಂಡು ಹೋಗಿಬಿಟ್ಟರೆ ಎಂಬ ದಿಗಿಲು. ಇಪ್ಪತ್ತಕ್ಕೆ ಸರಿಯಾಗಿ, "ಎಲ್ಲಾ ಒಂದೇ ಥರ ಇದೆಯಲ್ಲೇ, ಯಾವುದೋ ಒಂದು ತಗೋ" ಎಂಬ ಮಂಗಳಾರತಿ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಈ ಮೂರು ಘಟ್ಟ ಒಂದು ಸಲವೂ ಹಿಂದುಮುಂದಾಗಿಲ್ಲ. ಅಂಥ ಮನುಷ್ಯ ಹೋದ ತಿಂಗಳು ದೇವರಾಜ ಅರಸು ರಸ್ತೆಯ ಮೊಬೈಲ್ ಅಂಗಡಿಯೊಂದರಲ್ಲಿ ಎರಡು ಗಂಟೆಗೂ ಮೇಲೆ ನಿಂತಿದ್ದರು. ಸೊಂಟದ ಸುದ್ದಿಯಿಲ್ಲ, ಗಾಡಿಯ ಸುದ್ದಿಯಿಲ್ಲ. ನನ್ನ ಕಣ್ಣಿಗೆ ಒಂದೇ ಅಚ್ಚಿನಲ್ಲಿ ತೆಗೆದ ಹೋಳಿಗೆಯ ಹಾಗೆ ಕಾಣುವ ಹನ್ನೊಂದು ಫೋನುಗಳನ್ನು ಒಂದೊಂದಾಗಿ ಎತ್ತಿ, ತಿರುಗಿಸಿ, ಅಂಗೈಯಲ್ಲಿ ತೂಗಿ, "ಇದರ ಫಿನಿಶಿಂಗೇ ಬೇರೆ" ಅನ್ನುತ್ತಿದ್ದರು. ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ. ಒಮ್ಮೆ ಗಡಿಯಾರ ನೋಡಿದೆ, ಅಷ್ಟೆ.

ಫೋನು ಬೇಕಾಗಿದ್ದದ್ದು ನನಗೆ. ಇದನ್ನು ಈಗಲೇ ಬರೆದಿಟ್ಟುಬಿಡುತ್ತೇನೆ, ಏಕೆಂದರೆ ಮುಂದಿನ ಕಥೆ ಕೇಳಿದವರಿಗೆ ಅದು ಮರೆತುಹೋಗುವ ಸಂಭವವಿದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಮರೆತುಹೋಯಿತು.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು ನಾನು. ನನ್ನ ಹಳೆಯ ಫೋನಿಗೆ ನಾಲ್ಕು ವರ್ಷ ತುಂಬಿ ಹೊಟ್ಟೆಯುಬ್ಬರ ಶುರುವಾಗಿತ್ತು. ಜಾಗ ತಿಂದದ್ದು ಪಾಠದ ಟಿಪ್ಪಣಿಗಳಲ್ಲ, ನಮ್ಮ ವಂಶದ ವಾಟ್ಸಾಪ್ ಗುಂಪಿನ ಶುಭೋದಯಗಳು. ಗುಲಾಬಿಯನ್ನೂ ಕಾಫಿ ಲೋಟವನ್ನೂ ಅಳಿಸಬಹುದು. ವೆಂಕಟರಮಣನನ್ನು ಅಳಿಸಲು ಕೈ ಬರುತ್ತದೆಯೇ? ಹೀಗೆ ಸಾವಿರಾರು ವೆಂಕಟರಮಣರು ಸೇರಿ ಫೋನು ಉಸಿರುಗಟ್ಟಿತು. ಒಂದು ಸಂಜೆ ಮಾರುಕಟ್ಟೆಯಲ್ಲಿ ಸೊಪ್ಪಿನವಳಿಗೆ ನಲವತ್ತು ರೂಪಾಯಿ ಕಳಿಸಲು ಹೋದರೆ ಚಕ್ರ ಗಿರಗಿರನೆ ತಿರುಗಿತು, ತಿರುಗುತ್ತಲೇ ಇತ್ತು. ನನ್ನ ಹಿಂದೆ ನಾಲ್ಕು ಜನ. ಸೊಪ್ಪಿನವಳು ಅವಳ ಸ್ಪೀಕರ್ ಡಬ್ಬಿಯತ್ತ ನೋಡಿದಳು, ಡಬ್ಬಿ ತುಟಿ ಬಿಚ್ಚಲಿಲ್ಲ. "ಬುಡಕ್ಕಾ, ನಾಳೆ ಕೊಡೀವಂತೆ" ಅಂದಳು. ಬೈದಿದ್ದರೆ ಸಹಿಸುತ್ತಿದ್ದೆ, ಆ ಕರುಣೆ ತಡೆಯಲಾಗಲಿಲ್ಲ.

ಅವತ್ತೇ ರಾತ್ರಿ ಊಟದ ಹೊತ್ತಿಗೆ ಹೇಳಿದೆ, ನನಗೊಂದು ಫೋನು ಬೇಕು, ಇಪ್ಪತ್ತು ಸಾವಿರದ ಆಸುಪಾಸು. ಕೈಗೆ ಹಿಡಿಯುವಷ್ಟಿರಬೇಕು, ಮಿಕ್ಸಿ ತಿರುಗುವಾಗಲೂ ರಿಂಗು ಕೇಳಬೇಕು, ಕನ್ನಡ ಸರಿಯಾಗಿ ಬರಬೇಕು. ಮೂರೇ ಬೇಡಿಕೆ.

ಮಾವನವರು ರೆವಿನ್ಯೂ ಇಲಾಖೆಯಲ್ಲಿ ಸರ್ವೀಸು ಮುಗಿಸಿದವರು. ಅನ್ನ ಕಲಸುವುದನ್ನು ನಿಲ್ಲಿಸಿ, "ಆಸುಪಾಸು ಅಂದ್ರೆ ಆಗಲ್ಲಮ್ಮ, ಚಕ್ಕುಬಂದಿ ಹೇಳು" ಅಂದರು. ಹೇಳಿದ್ದು ನಾನಲ್ಲ, ಉಳಿದವರು. ನಮ್ಮ ಮನೆಯವರು ಹದಿನೆಂಟರಿಂದ ಇಪ್ಪತ್ತೆರಡು ಅಂದರು. ಪಿಯುಸಿ ಓದುವ ಮಗಳು, "ಇಪ್ಪತ್ತೈದಕ್ಕಿಂತ ಕಮ್ಮಿಗೆ ತಗೊಂಡ್ರೆ ದುಡ್ಡು ದಂಡ" ಅಂದಳು. ಎಂಟನೇ ಕ್ಲಾಸಿನ ಮಗ ಮೂವತ್ತು ಅಂದ. ಮಾತು ಮುಗಿಯುವಷ್ಟರಲ್ಲಿ ನನ್ನ ಇಪ್ಪತ್ತು ಸಾವಿರ ಊರ ಗೋಮಾಳದ ಹಾಗಾಗಿತ್ತು. ಯಾವ ದಿಕ್ಕಿನಿಂದ ಯಾರು ಬೇಕಾದರೂ ಬೇಲಿ ಸರಿಸಬಹುದು. ಮಧ್ಯಮ ಬೆಲೆಯ ಫೋನು ಎಂದರೆ ಇದೇ ಇರಬೇಕು. ಕೆಳಗಿನದನ್ನು ತೆಗೆದುಕೊಳ್ಳಲು ಮರ್ಯಾದೆ ಬಿಡುವುದಿಲ್ಲ, ಮೇಲಿನದಕ್ಕೆ ಸಂಬಳ ಬಿಡುವುದಿಲ್ಲ.

ಆಮೇಲಿನ ಮೂರು ವಾರ ನಮ್ಮ ಮನೆಯಲ್ಲಿ ಸಂಶೋಧನೆ ನಡೆಯಿತು. ಯಾವುದೋ ಬ್ಯಾಂಕು ಕೊಟ್ಟಿದ್ದ ಹಳೇ ಡೈರಿಯಲ್ಲಿ ಇವರು ಅಡಿಕೋಲು ಇಟ್ಟು ಗೆರೆ ಎಳೆದು ಕೋಷ್ಟಕ ಹಾಕಿದರು. ರಾತ್ರಿ ಹನ್ನೊಂದಾದರೂ ಹಾಲಿನಿಂದ "ನಮಸ್ಕಾರ ಸ್ನೇಹಿತರೇ" ಎಂದು ಯಾವನೋ ಹುಡುಗ ಕೂಗುತ್ತಿದ್ದ. ಪೆಟ್ಟಿಗೆಯ ಪ್ಲಾಸ್ಟಿಕ್ ಸುಲಿಯುವುದಕ್ಕೇ ಅವನಿಗೆ ನಾಲ್ಕು ನಿಮಿಷ. ಅದನ್ನು ನಮ್ಮ ಮನೆಯವರು, ನನ್ನ ತಂಗಿಯ ಮದುವೆ ವಿಡಿಯೋ ನೋಡುವಾಗ ಎಂದೂ ತೋರದ ತಾಳ್ಮೆಯಿಂದ ನೋಡುತ್ತಿದ್ದರು. ಪ್ರೊಸೆಸರ್ ಸ್ನ್ಯಾಪ್‌ಡ್ರ್ಯಾಗನ್ನೋ ಡೈಮೆನ್ಸಿಟಿಯೋ ಎಂಬುದು ಗೋತ್ರದ ಪ್ರಶ್ನೆಯಾಯಿತು. ಬೆಂಚ್‌ಮಾರ್ಕ್ ಅಂಕ ನೋಡಿದರು, ನ್ಯಾನೋಮೀಟರ್ ನೋಡಿದರು. ಇಪ್ಪತ್ತಮೂರು ವರ್ಷದ ಹಿಂದೆ ನಮ್ಮಿಬ್ಬರ ಜಾತಕವನ್ನು ಇದರಲ್ಲಿ ಕಾಲು ಪಾಲು ಶ್ರದ್ಧೆಯಿಂದ ನೋಡಿದ್ದರೂ ಎರಡೂ ಕಡೆಯವರು ಸ್ವಲ್ಪ ಯೋಚನೆ ಮಾಡುತ್ತಿದ್ದರೇನೋ.

ಹೊರಟದ್ದು ಭಾನುವಾರ, ಆರೂ ಜನ. ನನ್ನ ಫೋನು ತರಲು ಆರು ಜನ ಏಕೆ ಎಂದು ಕೇಳಬೇಡಿ, ಮನೆಯಲ್ಲಿದ್ದವರೇ ಅಷ್ಟು. ಅಂಗಡಿಯ ಮೆಟ್ಟಿಲು ಹತ್ತುವಾಗ ನಾಲ್ಕು ಗಂಟೆ ಹತ್ತು ನಿಮಿಷ. ಒಳಗೆ ಕಾಲಿಡುತ್ತಲೇ ಅತ್ತೆಯವರು, "ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ನೋಡೋದು ನೋಡಿ, ದುಡ್ಡು ಮಾತ್ರ ಆರರ ಮೇಲೆ ಕೊಡಿ" ಅಂದು, ಇದ್ದ ಒಂದೇ ಒಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಕೌಂಟರಿನ ಹುಡುಗನಿಗೆ ಇಪ್ಪತ್ತೆರಡು ವರ್ಷವಿರಬಹುದು. ಇನ್ನೆರಡು ಗಂಟೆ ಈ ಸಂಸಾರ ತನ್ನ ಪಾಲಿಗೆ ಬಿತ್ತೆಂದು ಆಗಲೇ ಅವನ ಮುಖದಲ್ಲಿ ಗೊತ್ತಾಯಿತು.

"ಯಾರ ಯೂಸ್‌ಗೆ ಸರ್?" ಅಂದ.

"ಇವಳಿಗೆ" ಅಂದರು ಇವರು, ಗದ್ದದಲ್ಲಿ ನನ್ನನ್ನು ತೋರಿಸಿ. ನಾನು ಆ ವ್ಯವಹಾರದಲ್ಲಿ ಕಾಣಿಸಿಕೊಂಡದ್ದು ಅದೊಂದೇ ಸಲ. ಹುಡುಗ ಆಮೇಲೆ ಇವರತ್ತಲೇ ತಿರುಗಿ ಮಾತಾಡಿದ. ಇವರಿಗೆ ಅರ್ಥವಾಗದ್ದನ್ನು ಮಗಳಿಗೆ ಹೇಳಿದ, ಮಗಳಿಗೆ ಬೇಡವಾದದ್ದನ್ನು ಮಗನಿಗೆ ತೋರಿಸಿದ.

ಸೀರೆ ಅಂಗಡಿಯವರಲ್ಲಿ ಒಂದು ಔದಾರ್ಯವಿದೆ. ಬೇಡ ಬೇಡ ಅಂದರೂ ಐವತ್ತು ಸೀರೆ ಬಿಚ್ಚಿ ಹಾಸುತ್ತಾರೆ. ಮೈಮೇಲೆ ಸೆರಗು ಹೊದಿಸಿ ಕನ್ನಡಿ ಮುಂದೆ ನಿಲ್ಲಿಸುತ್ತಾರೆ. ಇಲ್ಲಿ ಫೋನನ್ನು ಕರುವಿಗೆ ಕಣ್ಣಿ ಹಾಕಿದ ಹಾಗೆ ವೈರು ಕಟ್ಟಿ ಮೇಜಿಗೆ ಬಿಗಿದಿರುತ್ತಾರೆ. ಎತ್ತಿದರೆ ಕುತ್ತಿಗೆ ಹಿಂದಕ್ಕೆ ಎಳೆಯುತ್ತದೆ. ಬಣ್ಣ ಕೇಳಿದರೆ ಕೊಡುವುದು ಡಮ್ಮಿ. ಒಳಗೆ ಏನೂ ಇಲ್ಲ, ಮೇಲೆ ಸ್ಟಿಕ್ಕರು. ಹಾಗೆ ಬಂದ ಒಂದು ಡಮ್ಮಿಯನ್ನು ಬೆಳಕಿಗೆ ಹಿಡಿದು, "ಇದು ಪಾರಿವಾಳದ ಕತ್ತಿನ ಬಣ್ಣ, ಚೆನ್ನಾಗಿದೆ" ಅಂದೆ. "ಅಲ್ಲ ಮೇಡಂ, ಇದು ಕಾಸ್ಮಿಕ್" ಅಂದ ಹುಡುಗ. ಕಾಸ್ಮಿಕ್ ಎಂದರೆ ಯಾವ ಬಣ್ಣ ಎಂದು ಅವನಿಗೂ ತಿಳಿಯದು. ಅತ್ತೆಯವರು ಸ್ಟೂಲಿನಿಂದಲೇ, "ಆ ನೇರಳೆಹಣ್ಣಿನ ಬಣ್ಣ ತಗೊಳ್ಳೇ, ಕೊಳೆ ಕಾಣಲ್ಲ" ಅಂದರು. ಈರುಳ್ಳಿಸಿಪ್ಪೆ, ನವಿಲುಕತ್ತು, ಕಾಫಿಪುಡಿ, ಗಿಳಿಹಸಿರು ಎಂದು ಹೆಸರಿಟ್ಟು ಬಣ್ಣ ಕೊಂಡವರಿಗೆ ಈ ಫೋನಿನವರ ನಕ್ಷತ್ರಲೋಕ ಅಷ್ಟು ಸುಲಭಕ್ಕೆ ಹಿಡಿಸುವುದಿಲ್ಲ.

ಗಾತ್ರದ ಮಾತು ಕೇಳಲೇಬೇಡಿ. ಅಂಗೈಗೆ ಹಿಡಿಯುವ ಫೋನು ತೋರಿಸಪ್ಪಾ ಅಂದರೆ, "ಚಿಕ್ಕದು ಈಗ ಬರಲ್ಲ ಮೇಡಂ" ಅಂದ. ಎಲ್ಲವೂ ಆರೂಮುಕ್ಕಾಲು ಇಂಚಿನ ಸುತ್ತಮುತ್ತ, ಇನ್ನೂರು ಗ್ರಾಂ. ಕಾಲು ಕೆಜಿ ಬೀನ್ಸಿಗೆ ಒಂದು ಹಿಡಿ ಕಮ್ಮಿ. ನನ್ನ ಮೊದಲ ಬೇಡಿಕೆ ಅಲ್ಲಿಗೆ ಖಾರಿಜಾಯಿತು.

ಕ್ಯಾಮೆರಾ ಸರದಿ ಬಂದಾಗ ಮಗಳು ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ವಿಡಿಯೋ ಕಾಲ್ ಹಚ್ಚಿದಳು. ಅವನು ಸಾಫ್ಟ್‌ವೇರ್‌ನವನು, ಆದ್ದರಿಂದ ಫ್ರಿಜ್ಜು ಕೆಟ್ಟರೂ ನಮ್ಮ ಮನೆಯವರು ಕೇಳುವುದು ಅವನನ್ನೇ. "ಐವತ್ತು ಮೆಗಾಪಿಕ್ಸೆಲ್ ಅಂತೆ ಕಣೋ" ಅಂದೆ. "ಅಕ್ಕ, ಆ ಲೆಕ್ಕ ನಂಬಬೇಡ. ಸುಮ್ನೆ ಕ್ಲಿಕ್ ಮಾಡಿದ್ರೆ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತೆ, ಕೈಗೆ ಬರೋದು ಹನ್ನೆರಡೂವರೆ. ಮಬ್ಬು ಬೆಳಕಲ್ಲಿ ಅದರಿಂದ ಒಳ್ಳೇದೇ" ಅಂದ. ನನಗೆ ಪಂಕ್ತಿ ಕಣ್ಣಿಗೆ ಬಂತು: ಐವತ್ತು ಜನ ಊಟಕ್ಕೆ ಬಂದಿದ್ದಾರೆ, ಒಂದೊಂದು ಎಲೆಗೂ ನಾಲ್ಕು ನಾಲ್ಕು ಜನ. "ಮತ್ತೆ ಪಕ್ಕದಲ್ಲಿ ಇನ್ನೊಂದು ಕಣ್ಣಿದೆಯಲ್ಲ?" "ಅದು ಎರಡು ಮೆಗಾಪಿಕ್ಸೆಲ್ ಅಕ್ಕ, ಲೆಕ್ಕಕ್ಕುಂಟು ಆಟಕ್ಕಿಲ್ಲ." ದೃಷ್ಟಿಬೊಟ್ಟು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ರ್‍ಯಾಮಿನದೂ ಹೀಗೇ ಒಂದು ಮಾಯೆ. ಪೆಟ್ಟಿಗೆಯ ಮೇಲೆ ಎಂಟು ಕೂಡಿಸು ಎಂಟು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇವರು ಡೈರಿಯಲ್ಲಿ ಹದಿನಾರು ಎಂದು ಬರೆದುಕೊಂಡದ್ದನ್ನು ತಮ್ಮ ಅಲ್ಲಿಂದಲೇ ಹೊಡೆಸಿಹಾಕಿದ: "ಭಾವ, ನಿಜವಾದ್ದು ಮೊದಲನೇ ಎಂಟು ಮಾತ್ರ. ಇನ್ನೊಂದೆಂಟು ಸ್ಟೋರೇಜಿಂದ ಎರವಲು." ಇದನ್ನು ಇವರಿಗೆ ಮೂರು ಸಲ ಬಿಡಿಸಿ ಹೇಳಬೇಕಾಯಿತು, ನನಗೆ ಒಂದೇ ಸಲಕ್ಕೆ ಹೊಳೆಯಿತು. ಅಡುಗೆಕಟ್ಟೆ ಸಾಲದಾದಾಗ ಉಗ್ರಾಣದಲ್ಲಿ ಡಬ್ಬಿಗಳನ್ನು ಸರಿಸಿ ನೆಲದ ಮೇಲೆ ಈಳಿಗೆಮಣೆ ಇಟ್ಟುಕೊಂಡು ಕೂರುತ್ತೇವಲ್ಲ, ಅದು. ತರಕಾರಿ ಹೆಚ್ಚಬಹುದು ನಿಜ, ಆದರೆ ಸಾರು ಕುದಿಯುವುದು ಕಟ್ಟೆಯ ಮೇಲೆಯೇ, ಮತ್ತು ಎದ್ದು ಕೂತು ಮಾಡುವಷ್ಟರಲ್ಲಿ ಮಂಡಿ ಹಿಡಿಯುತ್ತದೆ.

ಅಷ್ಟರಲ್ಲಿ ಮಗ ಪರದೆಯ ಮೇಲೆ ಬೆರಳು ಸವರಿ, "ನೂರಾ ಇಪ್ಪತ್ತು ಹರ್ಟ್ಸ್ ಅಮ್ಮಾ, ಒಂದು ಸೆಕೆಂಡಿಗೆ ನೂರಾ ಇಪ್ಪತ್ತು ಸಲ ಚಿತ್ರ ಬದಲಾಗುತ್ತೆ. ಎಷ್ಟು ನೈಸಾಗಿ ಜಾರುತ್ತೆ ನೋಡು" ಅಂದ. ನೋಡಿದೆ. ಇನ್ನು ಮೇಲೆ ಶುಭೋದಯದ ಗುಲಾಬಿಗಳು ಜಾರುಬಂಡೆಯಿಂದ ಇಳಿದ ಹಾಗೆ ಬರುತ್ತವೆ.

ನನ್ನ ಪರೀಕ್ಷೆ ಒಂದಿತ್ತು. ಶಾಲೆಯ ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಕೈ ಪಳಗಿದವಳು ನಾನು. ಫೋನಿನಲ್ಲಿ ಮೊದಲು ನೋಡುವುದು ಒತ್ತಕ್ಷರ. ಎಲ್ಲರೂ ಬ್ಯಾಟರಿ ಚರ್ಚೆಯಲ್ಲಿ ಮುಳುಗಿದ್ದಾಗ ಮೇಜಿಗೆ ಕಟ್ಟಿದ್ದ ಒಂದು ಫೋನಿನಲ್ಲಿ 'ಸ್ತ್ರೀ' ಎಂದು ಬರೆದೆ. ಬಂತು. 'ರಾಷ್ಟ್ರ' ಬಂತು. 'ಕರ್ತೃತ್ವ'ವೂ ಬಂತು. ಹುಡುಗ ಬಗ್ಗಿ ನೋಡಿ, "ಮೇಡಂ, ಡೆಮೋ ಪೀಸಲ್ಲಿ ಏನೋ ಆಗೋಯ್ತಾ?" ಅಂದ. ಅವನ ತಪ್ಪಲ್ಲ, ಈವರೆಗೆ ಯಾರೂ ಅವನ ಅಂಗಡಿಯಲ್ಲಿ ಅರ್ಕಾವೊತ್ತು ನೋಡಿ ಫೋನು ಕೊಂಡಿರಲಿಕ್ಕಿಲ್ಲ.

ಐದು ಗಂಟೆಯಿಂದ ಆರರವರೆಗಿನ ಕಾಲವನ್ನು ಮಾವನವರು ತುಂಬಿದರು. ಅವರ ಜೇಬಿನಲ್ಲಿ ಇವತ್ತಿಗೂ ಇರುವುದು ನೋಕಿಯಾ 1100. 2003ರಲ್ಲಿ ಬಂದದ್ದು, ಪ್ರಪಂಚದಲ್ಲಿ ಇಪ್ಪತ್ತೈದು ಕೋಟಿಗೂ ಮೇಲೆ ಮಾರಾಟವಾದದ್ದು, ತಲೆಯ ಮೇಲೆ ಟಾರ್ಚು ಇರುವುದು. ಹುಡುಗನನ್ನು ಅವರು ಕೇಳಿದ ಮೊದಲ ಪ್ರಶ್ನೆ, "ಇದು ಎಷ್ಟು ವರ್ಷ ಬರುತ್ತಪ್ಪಾ?"

"ನಾಲ್ಕು ವರ್ಷ ಅಪ್‌ಡೇಟ್ ಗ್ಯಾರಂಟಿ ಸರ್."

"ಆಮೇಲೆ?"

ಹುಡುಗ ನಮ್ಮ ಮನೆಯವರ ಮುಖ ನೋಡಿದ. ಮಾವನವರು ತೋಳು ಮಡಿಸಿ ಮಣಿಕಟ್ಟು ಮುಂದೆ ಚಾಚಿದರು. "ಎಚ್‌ಎಂಟಿ ಜನತಾ. ಕೆಲಸಕ್ಕೆ ಸೇರಿದ ವರ್ಷ ತಗೊಂಡಿದ್ದು. ದಿನಾ ಬೆಳಿಗ್ಗೆ ಕೀ ಕೊಡ್ತೀನಿ, ಓಡುತ್ತೆ. ಇದಕ್ಕೆ ಇವತ್ತಿನವರೆಗೆ ಒಂದು ಅಪ್‌ಡೇಟ್ ಬಂದಿಲ್ಲ." ಅಲ್ಲಿಂದ ಮಾತು ದೂರವಾಣಿನಗರದ ಐಟಿಐ ಕಾರ್ಖಾನೆಯ ಕಪ್ಪು ಫೋನಿಗೆ ಹೊರಳಿತು: ಅರ್ಜಿ ಹಾಕಿ ಐದು ವರ್ಷ ಕಾದದ್ದು, ಫೋನು ಬಂದ ದಿನ ಬೀದಿಗೆಲ್ಲ ಪೇಡಾ ಹಂಚಿದ್ದು, ತಿಂಗಳೊಳಗೆ ಬೀದಿಯವರೆಲ್ಲ ಬಂದು ಟ್ರಂಕ್ ಕಾಲ್ ಮಾಡಲು ಶುರುಮಾಡಿದಾಗ ಡಯಲಿನ ತೂತಿಗೆ ಪುಟ್ಟ ಬೀಗ ಹಾಕಿ ಅದರ ಕೀ ಜನಿವಾರಕ್ಕೆ ಕಟ್ಟಿಕೊಂಡದ್ದು. "ಫೋನು ಅಂದ್ಮೇಲೆ ಬೀಗ ಇರಬೇಕು, ಬೀಗದ ಕೈ ಮನೇಲಿ ಒಬ್ಬರ ಹತ್ರ ಇರಬೇಕು" ಎಂದು ಮುಗಿಸಿದರು. ಹುಡುಗ ಪಾಪ, ಈ ಫೋನಿನ ಪರದೆಯಲ್ಲೇ ಬೆರಳಚ್ಚಿನ ಬೀಗ ಇದೆ ಎಂದು ತೋರಿಸಿದ. ಮಾವನವರು ತಮ್ಮ ಎಡಗೈ ಹೆಬ್ಬೆಟ್ಟನ್ನು ಎತ್ತಿ ನೋಡಿಕೊಂಡರು. ಜೀವಮಾನವೆಲ್ಲ ಬೇರೆಯವರ ಹೆಬ್ಬೆಟ್ಟು ಒತ್ತಿಸಿಕೊಂಡವರು ಅವರು. ಆ ನೋಟದ ಅರ್ಥ ನನಗೆ ಆಗ ತಿಳಿಯಲಿಲ್ಲ.

ಅಷ್ಟಕ್ಕೇ ಬಿಡದೆ ಇನ್ನೊಂದು ಸಲಹೆ ಕೊಟ್ಟರು. "ಕೋಲಾರದ ಹತ್ರ ನರಸಾಪುರದಲ್ಲಿ ಐಫೋನು ಜೋಡಿಸ್ತಾರೆ ಅಂತ ಪೇಪರಲ್ಲಿ ಬಂದಿತ್ತು. ಅಲ್ಲಿಗೇ ಹೋಗಿ ತಂದ್ರೆ ಅಗ್ಗ ಆಗಲ್ವೇನೋ?" ಮಂಡ್ಯದ ಆಲೆಮನೆಗೇ ಹೋಗಿ ಬೆಲ್ಲ ತರುವ ಜನ ನಾವು, ಈ ಪ್ರಶ್ನೆಗೆ ಅಂಗಡಿಯಲ್ಲಿ ಯಾರೂ ನಗಬಾರದಿತ್ತು.

ಕೊನೆಗೆ ಎಲ್ಲರೂ ಸೇರಿ ಒಪ್ಪಿದ ಫೋನಿನ ಬೆಲೆ 24,999. ಬಾಟಾ ಬೆಲೆ. ಇಪ್ಪತ್ತರ ಆಸುಪಾಸು ಎಂದರೆ ಒಂದು ರೂಪಾಯಿ ಕಡಿಮೆ ಇಪ್ಪತ್ತೈದು ಎಂದು ತೀರ್ಮಾನವಾಯಿತು. ಯಾವುದೋ ಒಂದು ಬ್ಯಾಂಕಿನ ಕಾರ್ಡಿದ್ದರೆ ಎರಡು ಸಾವಿರ ಕಡಿಮೆ. ಆ ಬ್ಯಾಂಕಿನ ಕಾರ್ಡು ನಮ್ಮಲ್ಲಿಲ್ಲ. ನಮ್ಮಲ್ಲಿರುವ ಕಾರ್ಡಿಗೆ ಆಫರು ಹೋದ ವಾರ ಮುಗಿದಿತ್ತು. ಅದು ಯಾವತ್ತೂ ಹೋದ ವಾರವೇ ಮುಗಿದಿರುತ್ತದೆ. ಹಳೇ ಫೋನು ಕೊಟ್ಟರೆ ಎಷ್ಟು ಅಂದರೆ, ಸಾವಿರದ ಇನ್ನೂರು. ನಮ್ಮ ಬೀದಿಯಲ್ಲಿ "ಹಳೇ ಜರಿ ಸೀರೇ" ಎಂದು ಕೂಗಿಕೊಂಡು ಬರುವವನು ಇದಕ್ಕಿಂತ ಧಾರಾಳಿ. ಅಲ್ಲಿ ಜರಿಯಲ್ಲಿ ಬೆಳ್ಳಿಯಾದರೂ ಇರುತ್ತದೆ.

"ನೋ ಕಾಸ್ಟ್ ಇಎಂಐ ಮಾಡ್ಕೊಳಿ ಸರ್, ಬಡ್ಡಿ ಇಲ್ಲ. ಪ್ರೊಸೆಸಿಂಗ್ ಫೀ ಸ್ವಲ್ಪ, ಮತ್ತೆ ಬಡ್ಡಿ ಮೇಲೆ ಜಿಎಸ್‌ಟಿ ಬರುತ್ತೆ, ಅಷ್ಟೇ" ಅಂದ ಹುಡುಗ.

ಮಾವನವರು ಕನ್ನಡಕ ಸರಿಮಾಡಿಕೊಂಡರು. "ಬಡ್ಡಿ ಇಲ್ಲ ಅಂತೀಯ. ಇಲ್ಲದ ಬಡ್ಡಿ ಮೇಲೆ ತೆರಿಗೆ ಯಾವುದಯ್ಯಾ?"

ಹುಡುಗ ವಿವರಿಸಿದ. ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟನ್ನು ಮೊದಲೇ ಬೆಲೆಯಲ್ಲಿ ಕಡಿಯುತ್ತಾರೆ, ಆದರೆ ಬಡ್ಡಿಗೆ ಬಿದ್ದ ಶೇಕಡಾ 18ರ ತೆರಿಗೆ ನಾವೇ ಕಟ್ಟಬೇಕು. ಮಾವನವರು ಕೈಯಲ್ಲಿದ್ದ ಕರಪತ್ರದ ಹಿಂದೆ ಲೆಕ್ಕ ಹಾಕುತ್ತಾ ಹೋದವರು ಫೋನಿನ ತೆರಿಗೆಯನ್ನೂ ಬಿಡಿಸಿದರು. 2020ರ ಏಪ್ರಿಲಿನಿಂದ ಫೋನಿಗೆ ಹನ್ನೆರಡಿದ್ದದ್ದು ಹದಿನೆಂಟಾಯಿತು. 24,999ರಲ್ಲಿ 3,813 ತೆರಿಗೆ. "ನಿನ್ನ ಹೆಂಡತಿಗೊಂದು ಫೋನು, ಸರ್ಕಾರಕ್ಕೆ ಟಾರ್ಚಿರೋದು ಎರಡು ಫೋನು ಕೊಡಿಸಿದ ಹಾಗಾಯ್ತು" ಎಂದು ಮಗನಿಗೆ ಹೇಳಿದರು. ದುಡ್ಡು ಪೂರ್ತಿ ಒಂದೇ ಸಲ ಕಟ್ಟಿದ್ದಾಯಿತು. ಕಟ್ಟಿದ್ದು ನಾನು, ನನ್ನ ಚೀಟಿ ದುಡ್ಡಿನಲ್ಲಿ. ಆರು ಗಂಟೆ ಮೂರು ನಿಮಿಷಕ್ಕೆ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಚಾರ್ಜರ್ ಇಲ್ಲ, ಬರೀ ವೈರು. 2020ರಲ್ಲಿ ಆಪಲ್‌ನವರು ಚಾರ್ಜರ್ ಕೊಡುವುದು ನಿಲ್ಲಿಸಿದಾಗ ನಕ್ಕ ಎಷ್ಟೋ ಕಂಪನಿಗಳು ಆಮೇಲೆ ಅದೇ ದಾರಿ ಹಿಡಿದವು. ಅತ್ತೆಯವರಿಗೆ ಇದು ನಂಬಲಾಗಲಿಲ್ಲ. "ಇಪ್ಪತ್ತೈದು ಸಾವಿರದ ಸೀರೆಗೆ ರವಿಕೆ ಬಟ್ಟೆ ಕೊಡಲ್ಲ ಅಂದ್ರೆ ಸುಮ್ನಿರ್ತೀರೇನೇ?" ಅಂದರು. ನನ್ನ ಮದುವೆಯ ಮೈಸೂರು ರೇಷ್ಮೆ ನೆನಪಾಯಿತು. ಮಾನಂದವಾಡಿ ರಸ್ತೆಯ ಕಾರ್ಖಾನೆ ನಾಲ್ವಡಿಯವರ ಕಾಲದ್ದು, 1912ರದು. ಅಲ್ಲಿಯ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿ, 0.65 ಚಿನ್ನ, ಪ್ರತಿ ಸೀರೆಗೂ ಅದರದ್ದೇ ಸಂಖ್ಯೆ. ಫೋನಿಗೂ ಹಾಗೆ ಹದಿನೈದು ಅಂಕಿಯ ಐಎಂಇಐ ಇರುತ್ತದೆ, ಸ್ಟಾರ್ ಹ್ಯಾಷ್ ಸೊನ್ನೆ ಆರು ಹ್ಯಾಷ್ ಒತ್ತಿದರೆ ಕಾಣುತ್ತದೆ. ಬಿಲ್ಲಿನಲ್ಲಿರುವುದೂ ಪರದೆಯಲ್ಲಿರುವುದೂ ಒಂದೇನಾ ಎಂದು ಅಂಗಡಿಯಲ್ಲೇ ತಾಳೆ ನೋಡಿದ ಒಬ್ಬಳೇ ಒಬ್ಬಳು ನಾನು. ಕಳೆದುಹೋದರೆ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಬಂದ್ ಮಾಡಿಸಲು ಅದು ಬೇಕು. ಬೆಂಚ್‌ಮಾರ್ಕ್ ನೋಡಿದವರಿಗೆ ಇದು ಹೊಳೆಯಲಿಲ್ಲ.

ಗಾಜು ಅಂಟಿಸುವ ಶಾಸ್ತ್ರ ಮಾತ್ರ ನೋಡುವ ಹಾಗಿತ್ತು. ಹುಡುಗ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿದ, ಆಮೇಲೆ ಒಣ ಬಟ್ಟೆಯಲ್ಲಿ. ಒಂದು ಸ್ಟಿಕ್ಕರಿನ ತುದಿಯಿಂದ ಒಂದೇ ಒಂದು ಧೂಳಿನ ಕಣವನ್ನು, ತಲೆಗೂದಲಿನಿಂದ ಹೇನು ತೆಗೆಯುವ ಶ್ರದ್ಧೆಯಲ್ಲಿ ಎತ್ತಿದ. "ಫ್ಯಾನ್ ಆಫ್ ಮಾಡ್ರೋ" ಅಂದ. ಆರೂ ಜನ ಉಸಿರು ಹಿಡಿದೆವು. ಎರಡು ಬೆರಳಲ್ಲಿ ಅಂಚು ಹಿಡಿದು ಗಾಜನ್ನು ತೇಲಿಬಿಟ್ಟು ನಡುವೆ ಒಮ್ಮೆ ಒತ್ತಿದ. ಎಣ್ಣೆ ಸವರಿದ ಕಾವಲಿಯ ಮೇಲೆ ಹಿಟ್ಟು ಹರಡುವ ಹಾಗೆ ಅದು ನಡುವಿನಿಂದ ಅಂಚಿಗೆ ತಾನಾಗಿ ಹರಡುತ್ತಾ ಹೋಯಿತು. ಮೂಲೆಯಲ್ಲಿ ಒಂದು ಗುಳ್ಳೆ ಉಳಿಯಿತು, ಅದನ್ನು ಉಗುರಿನಿಂದ ಸವರಿ ಓಡಿಸಿದ. "ನೈನ್ ಎಚ್ ಸರ್, ವಜ್ರ ಇದ್ದಂಗೆ" ಅಂದ. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಒಮ್ಮೆ ಹೇಳಿದ್ದರು, ಆ ಎಚ್ ವಜ್ರದ್ದಲ್ಲ, ಪೆನ್ಸಿಲಿನದು. ಎಚ್‌ಬಿ ಪೆನ್ಸಿಲಿನ ದಾಯಾದಿ, ಅದಕ್ಕಿಂತ ಗಟ್ಟಿ. ನಾನು ಬಾಯಿ ಬಿಡಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡಿದ ಹುಡುಗನ ವಜ್ರವನ್ನು ಪೆನ್ಸಿಲ್ ಮಾಡುವುದು ಸರಿಯಲ್ಲ. ಅವನು ಅದರ ಮೇಲೆ ಒಂದು ಕಪ್ಪು ರಬ್ಬರ್ ಕವರು ತೊಡಿಸಿದ. ಅರ್ಧ ಗಂಟೆ ಜಗಳವಾಡಿ ಆರಿಸಿದ ನೇರಳೆಹಣ್ಣಿನ ಬಣ್ಣ ಅಂದು ಕವರಿನೊಳಗೆ ಹೋದದ್ದು ಇವತ್ತಿನವರೆಗೆ ಹೊರಗೆ ಬಂದಿಲ್ಲ.

ಮನೆಗೆ ಬಂದು ದೇವರ ಮುಂದಿಟ್ಟಾಯಿತು. ಅತ್ತೆಯವರು ಅರಿಶಿನ ಕುಂಕುಮ ಹಚ್ಚಿದ್ದು ನೇರ ಮುಂದಿನ ಕ್ಯಾಮೆರಾದ ಮೇಲೆ. ಮಗಳು ತೆಗೆದ ಮೊದಲ ಸೆಲ್ಫಿಯಲ್ಲಿ ನಾವೆಲ್ಲ ಸೂರ್ಯಾಸ್ತದಲ್ಲಿ ನಿಂತ ಹಾಗೆ ಕೆಂಪಗಿದ್ದೇವೆ. ನಾನು ಒಳಗೆ ಕಾಫಿಗೆ ನೀರಿಟ್ಟೆ. ಹೊರಗೆ ಸಡಗರವೋ ಸಡಗರ. ನನ್ನ ಕೋರಿಕೆಯಂತೆ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದ್ದರು. ಮೊದಲ ಮೆಸೇಜು ಬಂದಾಗ ಮಗ, "ತಾತ, ಅಧಿಸೂಚನೆ ಬಂತು" ಎಂದು ಕೂಗಿದ. "ಭೂಸ್ವಾಧೀನದ್ದಾ? ಯಾವ ಸರ್ವೆ ನಂಬರು?" ಎಂದು ಮಾವನವರು ಕುರ್ಚಿಯಿಂದ ಎದ್ದೇಬಿಟ್ಟರು.

ಕಾಫಿ ತಟ್ಟೆ ಹಿಡಿದು ಹೊರಗೆ ಬಂದಾಗ ಎಲ್ಲವೂ ಮುಗಿದಿತ್ತು. ಸೆರಗಿಗೆ ಕೈಯೊರೆಸಿಕೊಂಡು, ಈಗ ನನ್ನ ಬೆರಳಚ್ಚು ಹಾಕಿಕೊಡಿ ಅಂದೆ. ಮಗಳು ಪರದೆ ನೋಡಿದಳು, ತಮ್ಮನನ್ನು ನೋಡಿದಳು. ಆ ಫೋನು ಐದಕ್ಕಿಂತ ಹೆಚ್ಚು ಬೆರಳಚ್ಚು ಇಟ್ಟುಕೊಳ್ಳುವುದಿಲ್ಲವಂತೆ. ಅರ್ಜೆಂಟಿಗಿರಲಿ ಎಂದು ಮಗಳದೊಂದು, ಆಟಕ್ಕೆಂದು ಮಗನದೊಂದು, ಜವಾಬ್ದಾರಿಗೆಂದು ನಮ್ಮ ಮನೆಯವರದು ಎರಡು. ಐದನೆಯದು ಮಾವನವರ ಎಡಗೈ ಹೆಬ್ಬೆಟ್ಟು.

ಕಾಫಿ ಲೋಟ ಎತ್ತಿಕೊಳ್ಳುತ್ತಾ ಇವರು ಸಮಾಧಾನ ಹೇಳಿದರು: "ಅದಕ್ಕೆ ಯಾಕೆ ಮುಖ ಸಣ್ಣ ಮಾಡ್ಕೋತೀಯೇ? ನಿನ್ನದೇ ಫೋನು. ಯಾವಾಗ ಬೇಕಾದ್ರೂ ಕೇಳು, ತೆಗೆದುಕೊಡ್ತೀವಿ."